ಅತ್ತೆ ನನ್ನ ಕಾಲಿಗೆ ಬಿದ್ದ ದಿನ

ಎಪ್ಪತ್ತರ ದಶಕದ ಮಾತು. ರಾಮದುರ್ಗಕ್ಕೆ ಸೊಸೆಯಾಗಿ ಬಂದು ಅಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಟೈಫಾಯಿಡ್ ಬಂದು ಒಂದು ತಿಂಗಳು ಹಾಸಿಗೆ ಹಿಡಿದೆ. ಜ್ವರ ಬಿಟ್ಟ ಮೇಲೆ ಅತ್ತೆ ನನ್ನ ತಲೆ ಬಾಚಲು ಕೂತರೆ ಬಾಚಣಿಗೆ ಇಳಿಯಲೇ ಇಲ್ಲ. ಹಿಂದಲೆಯ ಕೂದಲು ಜಡೆಗಟ್ಟಿತ್ತು. ತಿಂಗಳು ಬಾಚದಿದ್ದರೆ ಯಾರದಾದರೂ ಹಾಗೇ ಆಗುತ್ತದೆ. ಆದರೆ ಅತ್ತೆ ಬಾಚಣಿಗೆ ಕೆಳಗಿಟ್ಟು, ಎದುರಿಗೆ ಬಂದು, ನನ್ನ ಕಾಲಿಗೆ ಬಿದ್ದರು.

ನಾನು ದಂಗಾಗಿ ಹೋದೆ. ದಿನಾ ನನ್ನ ರೊಟ್ಟಿ ನೋಡಿ ಮೂಗು ಮುರಿಯುತ್ತಿದ್ದ ಹೆಂಗಸು ಆಕೆ.

ನಮ್ಮ ಕಡೆ ಹಾಗೆ ಜಡೆ ಬಿದ್ದರೆ ಎಲ್ಲಮ್ಮ ಕರೆದಳು ಎಂದೇ ನಂಬಿಕೆ. ಕತ್ತರಿ ತಾಗಿಸುವಂತಿಲ್ಲ, ಅರಿಶಿನದ ಭಂಡಾರ ಹಚ್ಚಬೇಕು. ಅತ್ತೆ ಮನೆಯವರ ಪ್ರಕಾರ ನಾನಿನ್ನು ಸಂಸಾರ, ನೌಕರಿ ಬಿಟ್ಟು ದೇವಿಗೆ ಮೀಸಲಾದ ಜೋಗತಿಯಾಗಬೇಕು. ದಿನಾ ನನ್ನೊಡನೆ ಜಗಳಾಡುವ ಗಂಡ ಅವತ್ತು ಜಗಳವನ್ನೂ ಆಡದೆ ತನ್ನ ಹಾಸಿಗೆಯನ್ನು ಪಡಸಾಲೆಗೆ ಒಯ್ದ.

ನನ್ನನ್ನು ತಯಾರು ಮಾಡಲು ಸವದತ್ತಿಯಿಂದ ಮುದುಕಿ ಜೋಗತಿಯೊಬ್ಬಳನ್ನು ಕರೆಸಿದರು. ಆಕೆ ಹಿತ್ತಲಲ್ಲಿ ನನ್ನ ತಲೆಯ ಮೇಲೆ ತುಂಬಿದ ಕೊಡ ಇಟ್ಟು, ಕೈಬಿಟ್ಟು ನಡೆ ಎಂದಳು. ಎರಡನೆಯ ಹೆಜ್ಜೆಗೇ ಬಿತ್ತು, ಮೈಯೆಲ್ಲ ತೊಯ್ದೆ. ತನಗೆ ಇಷ್ಟು ಕಲಿಯಲು ಮೂರು ವರ್ಷ ಹಿಡಿಯಿತು ಎಂದಳು. ಆಮೇಲೆ ಕಲಿಯಬೇಕಾದದ್ದು ಹಾಡು, ಕುಣಿತ, ಐದು ಮನೆಗೆ ಹೋಗಿ ದೇವಿಯ ಹೆಸರಲ್ಲಿ ಜೋಗ ಬೇಡುವುದು.

"ಕುಣಿಯೂದು ಯಾರಿಗರೆ ಬರತೈತಿ. ಅತ್ಕೊಂತ ಬಂದಾವ್ರ ಮಾತು ಪೂರಾ ಕೇಳೂದು ಕಲೀಬೇಕು," ಎಂದವಳು, ಸೆರಗಿನಿಂದ ನನ್ನ ಮುಖ ಒರೆಸುತ್ತ, "ನಿನಗ ಇದು ಬೇಕೇನವಾ?" ಎಂದು ಕೇಳಿದಳು.

ಮನೆಯಲ್ಲಿ ಆ ಮಾತನ್ನು ಒಬ್ಬರೂ ಕೇಳಿರಲಿಲ್ಲ. ಬೇಡ, ನನಗೆ ಶಾಲೆ ಬೇಕು, ಆ ಜಗಳಗಂಟನೂ ಬೇಕು ಎಂದು ಗೊಳೋ ಎಂದು ಅತ್ತುಬಿಟ್ಟೆ. ಮುದುಕಿ ಎದ್ದು ಒಳಗೆ ಹೋದಳು.

ಪಡಸಾಲೆಯಲ್ಲಿ ಎಲ್ಲರೆದುರು ತಾನು ತಂದಿದ್ದ ದೇವಿಯ ಕೊಡ ತಲೆಗೇರಿಸಿ ನಿಂತಳು. ಮೈ ಗಡಗಡ ನಡುಗಿತು. ಕೊಡ ಮಾತ್ರ ಅಲುಗಲಿಲ್ಲ. ಬಾಯಿಂದ ಬಂದದ್ದು ಆಕೆಯ ದನಿಯೇ ಅಲ್ಲ.

"ಜಡಿ ನನಗ ಸಾಕು. ಹೊಳಿಗಿ ಬಿಡ್ರಿ. ಹುಡುಗಿ ನಿಮ್ಮಾಕಿ."

ಹಿತ್ತಲಿನ ಮಾತು ಗೊತ್ತಿದ್ದ ನಾನೂ ಒಂದು ಗಳಿಗೆ ದೇವಿಯೇ ಎಂದುಕೊಂಡೆ. ಅತ್ತೆ ಕೈಮುಗಿದರು. ಮುದುಕಿಯೇ ಕತ್ತರಿ ಹಿಡಿದು ಜಡೆ ಕತ್ತರಿಸಿದಳು. ಗಂಡ ಅದನ್ನು ಮಲಪ್ರಭೆ ಹೊಳೆಗೆ ಬಿಟ್ಟು ಬಂದ.

ಬಸ್ ಸ್ಟ್ಯಾಂಡಿನವರೆಗೆ ಆಕೆಯನ್ನು ಕಳಿಸಲು ಹೋದೆ. ಪಡಸಾಲೆಯಲ್ಲಿ ಮಾತಾಡಿದ್ದು ನಿಜವಾಗಿ ದೇವಿಯೇನು ಎಂದು ಕೇಳಿಯೇಬಿಟ್ಟೆ. ಬಸ್ಸು ಬಂದು ನಿಂತ ಮೇಲೆ ಆಕೆ ಕೊಡವನ್ನು ಕಂಕುಳಿಗೆ ಇಳಿಸಿಕೊಂಡು ಹೇಳಿದಳು:

"ನನಗ ಜಡಿ ಬಿದ್ದಾಗ ನಾನೂ ಅತ್ತಿದ್ದೆ. ಹನ್ನೊಂದು ವರ್ಷದಾಕಿ. ನಿನಗ ಬೇಕೇನಂತ ಯಾರೂ ಕೇಳಲಿಲ್ಲವಾ."