ದಾಕ್ಷಾಯಣಮ್ಮ ಕೆಂಪು ಹಾಕಿದ ಕಾರು

ಚಿತ್ರದುರ್ಗದ ಸಂತೆಪೇಟೆಯ ಹಿಂದಿನ ಓಣಿಯಲ್ಲಿ ದಾಕ್ಷಾಯಣಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಒಂದು ದಿನ ನೀಲಿ, ಇನ್ನೊಂದು ದಿನ ಕುಂಕುಮದ ಬಣ್ಣದ ನೀರು ಹರಿಯುವ ಚರಂಡಿಯ ಜಾಡು ಹಿಡಿದು ಹೋದರೆ ಅವಳ ಬಾಗಿಲೇ ಸಿಗುತ್ತಿತ್ತು. ಮಾಸಿದ ಸೀರೆ, ಬಿಳುಚಿದ ರವಿಕೆ, ಹೊಸ ಬಟ್ಟೆ ತರಲಾಗದ ಮನೆಗಳ ಹಳೆಯ ಪರದೆ, ಎಲ್ಲವೂ ಅವಳ ಹಂಡೆಗೆ ಬಿದ್ದು ಬೇರೆಯೇ ಆಗಿ ಎದ್ದು ಬರುತ್ತಿದ್ದವು. ಅವಳ ಬೆರಳುಗಳ ಬಣ್ಣ ಮಾತ್ರ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತಾಗ ಬಲಗೈಗೆ ಸೆರಗನ್ನು ಮರೆಮಾಡಿಕೊಂಡು ಉಣ್ಣುತ್ತಿದ್ದಳು.

ಗಂಡ ಈರಬಸಪ್ಪನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ. ಮಾತು ಕಡಿಮೆ. ಮಗಳನ್ನು ಹೊಳಲ್ಕೆರೆಗೆ ಕೊಟ್ಟ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದದ್ದು ಹೆಚ್ಚಾಗಿ ಅವನು ರಿಪೇರಿಗೆಂದು ತಂದಿಟ್ಟ ರೇಡಿಯೋಗಳೇ.

ಎಪ್ಪತ್ತೇಳರ ಬೇಸಿಗೆಯಲ್ಲಿ ಅವನು ಮಾಡಿಕೊಟ್ಟ ರೇಡಿಯೋಗಳು ತಿರುಗಿ ಬರತೊಡಗಿದವು. ರೇಡಿಯೋ ಒಳಗಿನ ಸಣ್ಣ ಸಣ್ಣ ರೆಸಿಸ್ಟರುಗಳ ಮೈಮೇಲೆ ಬಣ್ಣದ ಪಟ್ಟೆಗಳಿರುತ್ತವೆ. ಅವುಗಳನ್ನು ನೋಡಿಯೇ ಯಾವುದು ಎಲ್ಲಿಗೆ ಎಂದು ಗೊತ್ತುಮಾಡಬೇಕು. ಈರಬಸಪ್ಪ ಕಂದು ಪಟ್ಟೆಯದು ಇರಬೇಕಾದಲ್ಲಿ ಕೆಂಪು ಪಟ್ಟೆಯದನ್ನು ಹಾಕಿದ್ದ. ಬುತ್ತಿ ಕೊಡಲು ಹೋದ ದಾಕ್ಷಾಯಣಮ್ಮ, ಅವನು ಒಂದು ರೆಸಿಸ್ಟರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಿಸಿಲಿಗೆ ತಿರುಗಿಸುತ್ತಿದ್ದುದನ್ನು ಬಾಗಿಲಲ್ಲೇ ನಿಂತು ನೋಡಿದಳು.

ದಾವಣಗೆರೆಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಅವನಿಗೆ ಡ್ರಾಪ್ಸ್ ಬರೆದುಕೊಟ್ಟರು. ಅವನು ಚಪ್ಪಲಿ ಮೆಟ್ಟಲು ಹೊರಗೆ ಹೋದಾಗ ಅವಳೊಬ್ಬಳಿಗೇ ಹೇಳಿದರು: ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಔಷಧ ಇಲ್ಲ, ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಉಳಿದದ್ದು.

ಬಸ್ಸಿನಲ್ಲಿ ಭರಮಸಾಗರದ ಕೆರೆ ದಾಟುವಾಗ ಅವನು ಕೇಳಿದ, "ಏನಂದ್ರು ಡಾಕ್ಟ್ರು?"

"ಡ್ರಾಪ್ಸ್ ತಪ್ಪದಂಗೆ ಹಾಕ್ಕಂಡ್ರೆ ಸರಿಹೋಗತೈತಂತೆ" ಎಂದಳು. ಅವನು ಕಿಟಕಿಯ ಕಡೆ ತಿರುಗಿ ಕೂತ.

ಆ ಮಳೆಗಾಲದಲ್ಲಿ ಅವನ ತಮ್ಮ ತಿಪ್ಪೇರುದ್ರಪ್ಪ ರಜೆಗೆ ಬಂದ. ಬೊಂಬಾಯಿಯಿಂದ ಹೊರಡುವ ಹಡಗಿನಲ್ಲಿ ಅವನಿಗೆ ಕೆಲಸ. ಅಣ್ಣನಿಗೆಂದು ಜಪಾನಿನಿಂದ ಒಂದು ದೊಡ್ಡ ಡಬ್ಬಿ ತಂದಿದ್ದ. ಒಳಗೆ ಬಿಡಿಬಿಡಿಯಾದ ಕಾರು. ಜೋಡಿಸಿದರೆ, ಕೈಯಲ್ಲಿ ಹಿಡಿದ ಪೆಟ್ಟಿಗೆಯಿಂದಲೇ, ತಂತಿಯ ನಂಟಿಲ್ಲದೆ, ರೇಡಿಯೋ ಅಲೆಯ ಮೇಲೆ ಓಡಿಸಬಹುದು. ಈರಬಸಪ್ಪ ಆ ದಿನ ಊಟ ಮರೆತ. ಇಷ್ಟು ವರ್ಷ ತನ್ನ ಕೈಯಲ್ಲಿ ಮಾತಾಡಿದ, ಹಾಡಿದ ಅಲೆ ಈಗ ಒಂದು ಗಾಡಿಯನ್ನು ಎಳೆಯುತ್ತದೆ ಎಂಬುದನ್ನು ಹೆಂಡತಿಗೆ ವಿವರಿಸಲು ಹೋಗಿ, ಮಾತು ಸಾಲದೆ ಸುಮ್ಮನೆ ನಕ್ಕ.

ಆದರೆ ಭಾಗಗಳೆಲ್ಲ ಬಿಳಿ ನೈಲಾನು. ಚಕ್ರ ಬಿಳಿ, ಚಕ್ರ ಹಿಡಿಯುವ ತೋಳು ಬಿಳಿ, ಹಲ್ಲುಗಾಲಿ ಬಿಳಿ. ಪಡಸಾಲೆಯ ನೆಲದ ಮೇಲೆ ಹರಡಿಕೊಂಡರೆ ಅವನ ಕೈ ಅವುಗಳ ಪಕ್ಕದಲ್ಲೇ ತಡಕಾಡುತ್ತಿತ್ತು.

"ಬಿಸಿಲಾಗೆ ಎಲ್ಲಾ ಒಂದೇ ಆಗತೈತೆ ಕಣೆ" ಎಂದ. "ಓಡಿಸಿದ್ರೂ ಚಂದ್ರವಳ್ಳಿ ಬಂಡೆ ಮ್ಯಾಲೆ ಕಾಣಂಗಿಲ್ಲ."

"ಬಣ್ಣ ಹಾಕಿಕೊಡ್ಲೇನ್ರಿ?" ಎಂದಳು ಅವಳು. "ಯಾವ್ದು ಚೆಂದಾಗಿ ಕಾಣತೈತೆ ನಿಮಗೆ?"

ಅವನು ಒಂದು ಹಲ್ಲುಗಾಲಿಯನ್ನು ಬೆಳಕಿಗೆ ಹಿಡಿದ. "ಕೆಂಪು."

ಮೊದಲು ಬಾಗಿಲಿಗೆ ಬಳಿಯುವ ಆಯಿಲ್ ಪೇಂಟ್ ತಂದು ಒಂದು ತೋಳಿಗೆ ಹಚ್ಚಿದಳು. ಒಣಗಿದ ಮೇಲೆ ಅವನು ಬಗ್ಗಿಸಿ ನೋಡಿದ. ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಹಾಗಾದರೆ ಒಳಗೇ ಇಳಿಯಬೇಕು ಎಂದುಕೊಂಡು, ಸೀರೆಗೆ ಹಾಕುವ ಬಣ್ಣವನ್ನೇ ಉಪ್ಪಿನ ಜೊತೆ ಕುದಿಸಿ ಭಾಗಗಳನ್ನು ಮುಳುಗಿಸಿದಳು. ಹಂಡೆಯಲ್ಲಿ ಕೆಂಪಗೆ ಕಂಡದ್ದು ತಣ್ಣೀರಿಗೆ ಹಾಕಿದೊಡನೆ ತೊಳೆದುಹೋಗಿ, ಎಲೆಯಡಿಕೆಯ ಉಗುಳು ಒರೆಸಿದ ಹಾಗೆ ಒಂದು ಕಲೆ ಉಳಿಯಿತು. ಇನ್ನಷ್ಟು ಉಪ್ಪು ಹಾಕಿದಳು, ಇನ್ನಷ್ಟು ಬಣ್ಣ ಹಾಕಿದಳು. ಹತ್ತಿಗೆ ಹತ್ತುವ ಬಣ್ಣ ಅದಕ್ಕೆ ಹತ್ತಲೇ ಇಲ್ಲ.

ಕಂಬಳಿ ನೇಯುವ ಬೀರಪ್ಪ ಅಂಚಿನ ನೂಲಿಗೆ ಬಣ್ಣ ತೆಗೆದುಕೊಳ್ಳಲು ಅವಳ ಮನೆಗೆ ಬರುತ್ತಿದ್ದ. ಅವನು ಆ ತುಂಡನ್ನು ಉಗುರಿನಿಂದ ಕೆರೆದು ನೋಡಿದ.

"ನಮ್ಮ ಉಣ್ಣೆನೂ ಹಿಂಗೇ ಅಕ್ಕಾರೆ. ಹುಳಿ ಇಲ್ದೆ ಬಣ್ಣ ಹಿಡಿಯಂಗಿಲ್ಲ. ಉಣ್ಣೆ ಬಣ್ಣ ಹಾಕಿ, ನಿಂಬೆ ಉಪ್ಪು ಬೆರೆಸಿ ನೋಡ್ರಿ."

ಅವನ ಮಾತು ನಿಜವಾಯಿತು. ಉಣ್ಣೆಯ ಬಣ್ಣಕ್ಕೆ ನಿಂಬೆ ಉಪ್ಪು ಸೇರಿಸಿದ ಮೇಲೆ ನೈಲಾನು ಕೆಂಪನ್ನು ಹೀರಿತು. ಆದರೆ ಮೈತುಂಬ ಮಚ್ಚೆ. ಎಲ್ಲೆಲ್ಲಿ ಬೆರಳು ತಾಗಿತ್ತೋ ಅಲ್ಲೆಲ್ಲ ಬಿಳುಪು. ಜಿಡ್ಡು ಇರಬೇಕೆಂದು ಎಲ್ಲವನ್ನೂ ಅಂಟುವಾಳದ ನೊರೆಯಲ್ಲಿ ಉಜ್ಜಿದಳು, ಕೈಯಿಂದ ಮುಟ್ಟದೆ ಮರದ ಚಮಚದಿಂದ ಎತ್ತಿ ಹಾಕಿದಳು. ಮಚ್ಚೆ ಹೋಯಿತು. ಬಣ್ಣ ಇನ್ನೂ ಗಾಢವಾಗಲಿ ಎಂಬ ಆಸೆಗೆ ಬಿದ್ದು ಉರಿ ಹೆಚ್ಚಿಸಿ ಮಳಮಳ ಕುದಿಸಿದಾಗ ಒಂದು ಚಕ್ರ ಹಪ್ಪಳದಂತೆ ಸೊಟ್ಟಗಾಯಿತು.

ಅವಳು ಒಲೆಯ ಮುಂದೆ ಕೂತು ಅತ್ತುಬಿಟ್ಟಳು. ಈರಬಸಪ್ಪ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂದ. ಚಕ್ರವನ್ನು ಕೈಗೆ ತೆಗೆದುಕೊಂಡು ಬೆರಳಾಡಿಸಿ, ಮತ್ತೆ ಬಿಸಿನೀರಿಗೆ ಅದ್ದಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ರುಬ್ಬುಗುಂಡು ಹೇರಿದ.

"ಚಕ್ರ ಹೋದ್ರೆ ಹೋಗ್ಲಿ ಬಿಡೆ. ಅದಕ್ಯಾಕೆ ಅಳ್ತೀಯ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಆಮೇಲಿಂದ ಕುದಿಸುವುದನ್ನು ಬಿಟ್ಟು, ಹಬೆಯಾಡುವ ನೀರಿನಲ್ಲಿ ತಾಳ್ಮೆಯಿಂದ ನೆನೆಸಿದಳು. ಗಾಜಿನಂತೆ ಗಡುಸಾದ ಒಂದೆರಡು ತುಂಡುಗಳು ಏನು ಮಾಡಿದರೂ ಬಿಳಿಯಾಗೇ ಉಳಿದವು. ಅದು ಬೇರೆ ಜಾತಿಯ ಪ್ಲಾಸ್ಟಿಕ್ಕು ಎಂದು ಅವನು ಸಮಾಧಾನ ಹೇಳಿದ. ಉಳಿದದ್ದೆಲ್ಲ ಮಾಗಿ ಒಣಗಿದ ಮೆಣಸಿನಕಾಯಿಯ ಕೆಂಪಾಗಿ ಬಂತು. ಅವಳ ಜೀವಮಾನದಲ್ಲಿ ಅಷ್ಟು ಚೆಂದದ ಬಣ್ಣ ಅವಳ ಹಂಡೆಯಿಂದ ಎದ್ದಿರಲಿಲ್ಲ. ಬಿಳಿ ಪಂಚೆಯ ಮೇಲೆ ಒಣಹಾಕಿ ಅವನನ್ನು ಕರೆದಳು.

"ಹೆಂಗೈತ್ರಿ?"

"ಬಾಳ ಚೆನ್ನಾಗೈತೆ" ಎಂದ.

ದೀಪಾವಳಿ ಕಳೆದ ಮೇಲೆ ಜೋಡಿಸಲು ಕೂತ. ಸ್ಕ್ರೂ ತಿರುಗಿಸುವಾಗ ಅವನ ಮುಖ ಕೆಲಸದ ಕಡೆ ಇರದೆ ಬಾಗಿಲ ಕಡೆ ಇರುತ್ತಿದ್ದುದನ್ನು ಅವಳು ಗಮನಿಸಿದಳು. ಕತ್ತು ನೋಯುತ್ತಿರಬೇಕು ಎಂದುಕೊಂಡಳು. ಅದನ್ನೇ ನಂಬಬೇಕೆಂದು ಅವಳಿಗೆ ಆಸೆಯಿತ್ತು.

ಕಾರು ಸಿದ್ಧವಾದ ಭಾನುವಾರ ಬೆಳಗ್ಗೆ, "ಚಂದ್ರವಳ್ಳಿಗೆ ಹೋಗಾಣ ನಡಿ" ಎಂದ. ಅಲ್ಲಿ ಕೆರೆಯ ಪಕ್ಕದಲ್ಲಿ ಸಮತಟ್ಟಾದ ಬಂಡೆಯಿತ್ತು. ಅವಳು ಚೀಲದಿಂದ ಕಾರನ್ನು ತೆಗೆದು ಬಂಡೆಯ ಮೇಲಿಟ್ಟಳು. ಅವನು ಪೆಟ್ಟಿಗೆಯ ಏರಿಯಲ್ ಎಳೆದು ಗುಂಡಿ ಒತ್ತಿದ. ಕಾರು ಗುಂಯ್ ಎಂದು ಹೊರಟಿತು. ಬೂದು ಬಂಡೆಯ ಮೇಲೆ ಆ ಕೆಂಪು ದೂರದಿಂದಲೂ ಹೊಳೆಯುತ್ತಿತ್ತು. ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೋಲೂರಿ ನಿಂತು ನೋಡಿದಳು. ಕಾರು ಒಂದು ಸುತ್ತು ಬಂದು, ತಗ್ಗಿನಲ್ಲಿ ತಿರುಗಿ, ಅವನು ಗುಂಡಿ ಬಿಟ್ಟ ಮೇಲೂ ಸದ್ದಿಲ್ಲದೆ ನೇರವಾಗಿ ಅವನ ಕಡೆಗೇ ಉರುಳಿ ಬಂದು ಪಾದದ ಮುಂದೆ ನಿಂತಿತು.

ದಾಕ್ಷಾಯಣಮ್ಮ ನಗುತ್ತಾ ಅವನ ಮುಖ ನೋಡಿದಳು. ಅವನ ಕಣ್ಣು ದೂರದ ಕೆರೆಯ ಕಡೆಗಿತ್ತು.

"ಎಲ್ಲಿಗೆ ಹೋತೇ?" ಎಂದು ಕೇಳಿದ.

ಅವಳು ಕಾರನ್ನೊಮ್ಮೆ, ಅವನ ಕಣ್ಣನ್ನೊಮ್ಮೆ ನೋಡಿದಳು. ಅವನು ಮತ್ತೆ ಕೇಳಿದ. ಆಗ ಅವಳು ಬಗ್ಗಿ, ಕಾರನ್ನು ಎತ್ತಿ ಅವನ ಕೈಗೆ ಕೊಟ್ಟಳು. ತನ್ನ ಕಾಲಬುಡದಿಂದಲೇ ಅದು ಬಂತೆಂದು ಅವನಿಗೆ ಗೊತ್ತಾಯಿತು.

"ಯಾವಾಗಿಂದ ಕಾಣ್ತಿಲ್ರಿ?"

"ಬಣ್ಣ ಹೋಗಿ ಬಾಳ ದಿನಾತು. ನೀನು ನಿಂಬೆ ಉಪ್ಪು ತರೋ ಹೊತ್ತಿಗೇ ಹೋಗಿತ್ತು. ನೆರಳು ಕಾಣ್ತಿತ್ತು, ಈಗ ಅದೂ ಇಲ್ಲ."

"ಒಂದ್ಮಾತು ಹೇಳ್ಬಾರದಿತ್ತೇನ್ರಿ?"

"ಹೆಂಗೆ ಹೇಳ್ಲಿ? ನನಗೆ ಕಾಣ್ಲಿ ಅಂತ ನೀನು ಅಷ್ಟು ಆಸೆಯಿಂದ ಒಲೆ ಮುಂದೆ ಕುಂತಿದ್ದೆ."

ಅವಳು ಬಂಡೆಯ ಮೇಲೆ ಕೂತಳು. ಡಾಕ್ಟರು ಹೇಳಿದ್ದನ್ನು, ತಾನು ಬಸ್ಸಿನಲ್ಲಿ ಸುಳ್ಳಾಡಿದ್ದನ್ನು ಹೇಳಿದಳು. ಅವನು ಅಚ್ಚರಿಪಡಲಿಲ್ಲ. "ನೀನು ಅವತ್ತು ಡ್ರಾಪ್ಸ್ ಅಂದಾಗ್ಲೇ ನಿನ್ನ ದನಿಯಾಗೆ ಗೊತ್ತಾಗಿತ್ತು" ಎಂದ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು, ಮಾತಾಡಿಕೊಳ್ಳಬಹುದಾಗಿದ್ದ ದಿನಗಳನ್ನೆಲ್ಲ ಬಾಯಿ ಕಟ್ಟಿಕೊಂಡು ಕಳೆದಿದ್ದರು. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಅದಕ್ಕೆ.

ತಿರುಗಿ ಬರುವಾಗ ಅವನು ಕೈ ಚಾಚಿದ. ಮದುವೆಯಾದಂದಿನಿಂದ ಬೀದಿಯಲ್ಲಿ ಅವರು ಹತ್ತಿರ ಹತ್ತಿರ ಕೂಡ ನಡೆದವರಲ್ಲ. ಅವಳು ಆ ಕೈ ಹಿಡಿದುಕೊಂಡು, ಪೇಟೆಯ ಜನ ನೋಡುತ್ತಿರುವಂತೆಯೇ ಮನೆಗೆ ಕರೆತಂದಳು.

ಅಂಗಡಿ ಬೇರೆಯವರ ಪಾಲಾಯಿತು. ಈರಬಸಪ್ಪ ಹಿತ್ತಿಲಲ್ಲಿ ಕೂತು ಹಂಡೆಯ ಬಟ್ಟೆಯನ್ನು ಕೋಲಿನಿಂದ ತಿರುವಿಕೊಡುತ್ತಾ, ಯಾರ ಸೀರೆ, ಏನು ಬಣ್ಣ ಎಂದು ಕೇಳುತ್ತಿದ್ದ. ಹೆಚ್ಚು ದಿನ ಅವಳು ಹೇಳುತ್ತಿದ್ದಳು: ಇದು ಹಸಿರು, ಬತ್ತದ ಸಸಿ ಥರ, ಇದು ನೀಲಿ, ಸಂಜೆ ಹೊತ್ತಿನದು. ಕೆಲವು ದಿನ ಅವಳು ಬಣ್ಣ ಹೇಳದೆ ಒಲೆಗೆ ಸೌದೆ ನೂಕುತ್ತಿದ್ದಳು. ಅಂಥ ದಿನ ಅವನು ಎರಡನೆಯ ಸಲ ಕೇಳದೆ, ಸುಮ್ಮನೆ ಕೋಲು ಆಡಿಸುತ್ತಿದ್ದ.