ಸಾಹೇಬರ ಮೋಟಾರ್ ಸೈಕಲ್ಲಿನ ಸದ್ದು

ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಮಿಲಿಟರಿ ಮೋಟಾರ್ ಸೈಕಲ್ಲನ್ನು ನಮ್ಮ ಸಾಹೇಬರು ನನಗೊಪ್ಪಿಸಿ, ಅದರ ಕಟಕಟ ಸದ್ದನ್ನು ನಿಲ್ಲಿಸುವಂತೆ ಆಜ್ಞಾಪಿಸಿದರು. ನಾನು ಭೌತಶಾಸ್ತ್ರದ ಪದವೀಧರನೆಂಬುದೇ ಅವರಿಗೆ ಸಾಕಾದ ಕಾರಣ. ನನ್ನ ಹಂಗಾಮಿ ನೌಕರಿಯನ್ನು ಕಾಯಂಗೊಳಿಸುವ ಕಾಗದ ಅವರ ಮೇಜಿನ ಮೇಲಿತ್ತು.

ಸ್ಪ್ಯಾನರ್ ಸಿಗುತ್ತದೆಂದು ಹೆಮ್ಮಾಡಿಯ ಅಕ್ಕಿ ಗಿರಣಿಗೆ ಹೋಗಿ, ಅಂಗಳದಲ್ಲಿ ವಾಲ್ವಿನ ಮುಚ್ಚಳ ಬಿಚ್ಚಿದೆ. ಅಲ್ಲಿನ ತಿರುಪನ್ನು ಬಿಗಿದು ಸಂದಿ ಮುಚ್ಚಿದರೆ ಸದ್ದು ನಿಲ್ಲುತ್ತದೆಂದು ಗೊತ್ತಿತ್ತು. ಬಿಗಿದು ಎಂಜಿನ್ ಕೆಟ್ಟರೆ ನೌಕರಿ ಹೋಗುತ್ತದೆ, ಬಿಗಿಯದಿದ್ದರೂ ಹೋಗುತ್ತದೆ. ಸ್ಪ್ಯಾನರನ್ನು ತಿರುಪಿಗೆ ಹಚ್ಚಿ, ಮತ್ತೆ ತೆಗೆದೆ.

"ಹ್ವಾಯ್, ಎಂತ ಮಾಡ್ತ್ರಿ ಅಯ್ಯಾ?" ಗಿರಣಿಯ ಎಂಜಿನ್ ನೋಡಿಕೊಳ್ಳುವ ಶೀನ ಬಂದು ಪಕ್ಕದಲ್ಲಿ ಕುಳಿತ.

"ಸದ್ದು ನಿಲ್ಲಿಸಬೇಕು."

ಅವನು ಬೀಡಿಕಟ್ಟಿನ ಕಾಗದ ಹರಿದು ವಾಲ್ವಿನ ಸಂದಿಯಲ್ಲಿ ಆಡಿಸಿ ನೋಡಿದ. "ಇಷ್ಟ್ ಸಂದಿ ಬೇಕೇ ಬೇಕ್. ಬಿಸಿಯಾದ್ರೆ ಕಬ್ಬಿಣ ಉದ್ದ ಆತ್ತ್, ನೀವ್ ಕಲ್ತದ್ದ್ ಇದೇ ಅಲ್ದಾ? ಬಿಗ್ದ್ರೆ ವಾಲ್ವ್ ಪೂರ್ತಿ ಮುಚ್ಚುದಿಲ್ಲ, ಸುಟ್ಟ್ ಹೋತ್ತ್."

ಕಲಿತದ್ದು ಅದೇ. ಮುಚ್ಚಳ ಹಾಕಿ, ಸದ್ದಿನೊಂದಿಗೇ ವಾಹನವನ್ನು ಹಿಂದಿರುಗಿಸಿ, ಕಾರಣವನ್ನು ವಿವರಿಸಿದೆ. ಸಾಹೇಬರು ಮರುದಿನವೇ ಬೇರೊಬ್ಬನಿಂದ ಬಿಗಿಸಿಕೊಂಡರು. ಸದ್ದು ನಿಂತಿತು. ಎಂಟನೆಯ ದಿನ ಎಂಜಿನ್ ಸುಟ್ಟ ಆ ವಾಹನವನ್ನು ಬಿಜೂರಿನಿಂದ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಲಿಖಿತ ಸಮಜಾಯಿಷಿ ಕೇಳಿದ್ದು ಮಾತ್ರ ನನ್ನನ್ನು: ಮುಚ್ಚಳವನ್ನು ಮೊದಲು ಬಿಚ್ಚಿದವನು ನಾನಂತೆ.