ಬೆಂಚಿನ ಬೆನ್ನಿಗೆ ಹಿತ್ತಾಳೆ ಫಲಕ

ಮೇಸ್ತ್ರಿ ಮಾಡಿದ ಕುರ್ಚಿಯಲ್ಲಿ ಊರೆಲ್ಲ ಸುಖವಾಗಿ ಕೂತಿತು. ಮೇಸ್ತ್ರಿ ಮಾತ್ರ ಜನ್ಮದಲ್ಲಿ ಒಂದು ಗಳಿಗೆ ಕೂತವನಲ್ಲ. ಒಂದು ಉಳಿ, ಒಂದು ಗರಗಸ ಹಿಡಿದು ಶುರುಮಾಡಿ ಮೂರು ಪೀಠೋಪಕರಣದ ಅಂಗಡಿ ಎಬ್ಬಿಸಿದ ಆಸಾಮಿ. ಅವನ ಕೈಯಿಂದ ಹೊರಬಿದ್ದ ಮಂಚಕ್ಕೂ ಮೇಜಿಗೂ ಬೆರಳುದ್ದದ ಹಿತ್ತಾಳೆ ಫಲಕ ಇರಲೇಬೇಕು: ಉಬ್ಬಕ್ಷರದಲ್ಲಿ ಅವನ ಹೆಸರು, ಕೆಳಗೆ ಫೋನ್ ನಂಬರು. "ಹೆತ್ತ ಮಗಳಿಗೂ ಒಂದು ಫಲಕ ಜಡೀದೆ ಬಿಟ್ರಲ್ಲ, ನಮ್ಮ ಪುಣ್ಯ," ಎಂದು ಹೆಂಡತಿ ಛೇಡಿಸುತ್ತಿದ್ದಳು.

ಅರವತ್ತೈದಕ್ಕೆ ಅಂಗಡಿಗಳನ್ನು ಆ ಮಗಳಿಗೇ ವಹಿಸಿದ. ವಹಿಸಿದ್ದೇನೋ ನಿಜ, ಬಿಟ್ಟನೇ? ದಿನಾ ಬೆಳಿಗ್ಗೆ ಹಾಜರಾಗಿ ಕೆಲಸಗಾರರ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳುತ್ತಿದ್ದ. ಕೊನೆಗೊಂದು ದಿನ ಮಗಳು ಮೆಲ್ಲಗೆ ಹೇಳಿದಳು. "ಅಪ್ಪಾ, ನಾಳೆಯಿಂದ ಮನೇಲಿ ಆರಾಮಾಗಿರಿ. ನೀವಿದ್ರೆ ಯಾರೂ ನನ್ನ ಮಾತು ಕೇಳಲ್ಲ."

ಮಾತು ಸರಿಯಾಗಿತ್ತು, ಅದಕ್ಕೇ ಚುಚ್ಚಿತು. ಉಣ್ಣುವುದಕ್ಕೆ ಉಡುವುದಕ್ಕೆ ಏನೂ ಕೊರತೆಯಿರಲಿಲ್ಲ. ಬೆಳಿಗ್ಗೆ ಏಳುವುದಕ್ಕೊಂದು ಕಾರಣ ಮಾತ್ರ ಇರಲಿಲ್ಲ. ಕೆಲಸವಿಲ್ಲದ ತಾನು ಯಾರಿಗೆ ಬೇಕು? ಇದೊಂದು ಪ್ರಶ್ನೆ ಅವನನ್ನು ಗೆದ್ದಲಿನ ಹಾಗೆ ಒಳಗೊಳಗೇ ತಿಂದಿತು. ಮನೆಯ ಬಾಗಿಲುಗಳನ್ನೆಲ್ಲ ಕಳಚಿ ಮತ್ತೆ ಕೂರಿಸಿದ.

"ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಸದ್ಯ, ಮಗಳು ತಪ್ಪಿಸ್ಕೊಂಡ್ಳು," ಎನ್ನುತ್ತ ಹೆಂಡತಿ ಭಾನುವಾರ ಅವನನ್ನು ಚರ್ಚಿಗೆ ಎಳೆದೊಯ್ದಳು.

ಮದುವೆ, ಸಾವು ಬಿಟ್ಟರೆ ಆ ಮೆಟ್ಟಿಲು ಹತ್ತಿದವನಲ್ಲ ಮೇಸ್ತ್ರಿ. ಪಾದ್ರಿಗಳ ಬೋಧನೆ ಒಂದಕ್ಷರ ಕಿವಿಗೆ ಬೀಳಲಿಲ್ಲ, ಮೂರನೇ ಸಾಲಿನ ಬೆಂಚು ಅಷ್ಟು ಕಿರುಗುಟ್ಟುತ್ತಿತ್ತು. ಮರುದಿನವೇ ಹೋಗಿ ಬಿಗಿಮಾಡಿದ. ಅದರ ಹಿಂದೆ, ನಾಲ್ಕನೇ ಸಾಲಿನವರು ಮಂಡಿಯೂರುವ ಹಲಗೆಯನ್ನು ನಾಲ್ಕು ಬೆರಳು ಎತ್ತರಿಸಿ ಮೆತ್ತೆ ಹೊಡೆದ. ಕೈ ಸುಮ್ಮನಿರಬೇಕಲ್ಲ, ಬೆಂಚಿನ ಬೆನ್ನಿಗೆ ಫಲಕವನ್ನೂ ಜಡಿದ. ಆಮೇಲೆ ಅತ್ತ ತಲೆ ಹಾಕಲಿಲ್ಲ, ಅಲ್ಲಿನ್ನೇನು ಕೆಲಸ?

ನಾಲ್ಕನೇ ಭಾನುವಾರ ಯಾಕೋ ಏನೋ, ಹೆಂಡತಿ ಕರೆಯುವ ಮುಂಚೆಯೇ ಚಪ್ಪಲಿ ಮೆಟ್ಟಿ ನಿಂತಿದ್ದ.

ಚರ್ಚಿನಲ್ಲಿ ನಾಲ್ಕನೇ ಸಾಲಿನಲ್ಲಿ ಕೂತ. ಪಕ್ಕದಲ್ಲೊಬ್ಬ ಮುದುಕಿ ಮಂಡಿಯೂರಿ, ಮುಂದಿನ ಬೆಂಚನ್ನು ತಡವರಿಸಿ, ಫಲಕದ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ, ಅದಕ್ಕೆ ಹಣೆಯೊತ್ತಿ ಪ್ರಾರ್ಥಿಸತೊಡಗಿದಳು. ಮೇಸ್ತ್ರಿ ಬೆವೆತುಹೋದ.

ಪ್ರಾರ್ಥನೆ ಮುಗಿಸಿ ಮುದುಕಿ ಪಿಸುಗುಟ್ಟಿದಳು. "ಯಾರಪ್ಪ ಪಕ್ಕದಲ್ಲಿ? ನನಗೆ ಕಣ್ಣು ಮಂಜು. ಇದ್ರಲ್ಲಿ ಬೈಬಲ್ಲಿನ ಯಾವ ವಾಕ್ಯ ಬರ್ದಿದೆ, ಸ್ವಲ್ಪ ಓದು. ಯಾವ ಪುಣ್ಯಾತ್ಮ ಹಲಗೆ ಎತ್ತರ ಮಾಡಿದ್ನೋ, ಎಷ್ಟೋ ವರ್ಷದ ಮೇಲೆ ಮಂಡಿ ಊರಿದೀನಿ. ಮೂರು ವಾರದಿಂದ ಬೇಡ್ಕೊಳ್ತಾ ಇದೀನಿ: ಸ್ವಾಮಿ, ಇಲ್ಲಿ ಬರ್ದಿರೋದನ್ನ ಮರೀಬೇಡ ಅಂತ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ವಾಕ್ಯ ಅಲ್ಲ ಅಜ್ಜಿ. ನನ್ನ ಹೆಸರು. ಕೆಳಗಿರೋದು ಅಂಗಡಿ ಫೋನ್ ನಂಬರು."

ಮುದುಕಿ ನಕ್ಕ ನಗೆಗೆ ಪಾದ್ರಿಗಳೇ ತಿರುಗಿ ನೋಡಿದರು.

"ಹಾಗಾದ್ರೆ ದೇವರಿಗೆ ನಿನ್ನ ಹೆಸರನ್ನ ನಂಬರು ಸಮೇತ ಕೊಟ್ಟಿದೀನಿ ಅನ್ನು! ಮುಟ್ಟಿದೆ ಬಿಡಪ್ಪ. ಅದಕ್ಕೇ ಬಂದಿದೀಯ."

ಮೇಸ್ತ್ರಿಯ ಕಣ್ಣು ತುಂಬಿತು. ತಾನು ಮನೆಯಲ್ಲಿ ಬಾಗಿಲು ಕಳಚುತ್ತಿದ್ದಾಗ, ತಾನು ಯಾರೆಂದೂ ಅರಿಯದೆ ತನ್ನನ್ನು ದೇವರ ಮುಂದೆ ಹಿಡಿದವರೊಬ್ಬರಿದ್ದರು. ದುಡಿಮೆ ನೋಡಿಯಲ್ಲ, ಅಂಗಡಿ ನೋಡಿಯಲ್ಲ. ಮುದುಕಿಯ ಪಕ್ಕದಲ್ಲಿ ಅವನೂ ಮಂಡಿಯೂರಿದ. ಏನು ಬೇಡಬೇಕೆಂದು ತಿಳಿಯದೆ, "ಬಂದಿದೀನಿ ಸ್ವಾಮಿ," ಎಂದಷ್ಟೇ ಹೇಳಿದ.

ಫಲಕವನ್ನು ಅಂದೇ ಬಿಚ್ಚಿದ. ಈಗ ಕಾಯಿಲೆಯವರ ಮಂಚ, ಮುದುಕರ ಊರುಗೋಲು, ಯಾರದೇನು ಮುರಿದರೂ ಚೀಲ ಹಿಡಿದು ಹೊರಡುತ್ತಾನೆ. ಬೆರಳು ನೋಯುವ ದಿನ ಏನೂ ಮಾಡದೆ ಚರ್ಚಿನಲ್ಲಿ ಕೂರುತ್ತಾನೆ. ಹೌದು, ಮೇಸ್ತ್ರಿ ಕೂರುತ್ತಾನೆ!

ಮೊನ್ನೆ ಅವನು ರಿಪೇರಿ ಮಾಡಿದ ತೊಟ್ಟಿಲೊಂದನ್ನು ಮಗಳು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಪ್ಪಾ, ಫಲಕ ಮರೆತ್ರಾ?" ಎಂದು ಕೇಳಿದಳು.

"ಬೇಡಮ್ಮ," ಎಂದ ಮೇಸ್ತ್ರಿ. "ಇರಬೇಕಾದವರ ಹತ್ರ ನನ್ನ ನಂಬರಿದೆ."